ಹಳೆ ಗಾಡಿಯ ಸೀಟು: ಹೊದಿಕೆ ಬದಲಿಸಿದರೆ ಸಾಲದು

ಗೌನಿಪಲ್ಲಿ ಕಡೆಯ ರೈತರ ಬದುಕಿನಲ್ಲಿ ಗಾಡಿ ಓಡಿಸೋದು ಬೇಸಾಯದಷ್ಟೇ ದೊಡ್ಡ ಕೆಲಸ. ಟೊಮೆಟೊ ಕೋಲಾರಕ್ಕೋ, ವಡ್ಡಹಳ್ಳಿಗೋ, ಗಡಿ ದಾಟಿ ಮದನಪಲ್ಲಿಗೋ ಹೋಗಬೇಕು. ಮಾವಿನ ಕಾಲ ಬಂತು ಅಂದ್ರೆ ಶ್ರೀನಿವಾಸಪುರದ ಮಂಡಿಗೆ ದಿನಾ ಓಡಾಟ. ಟೈರು, ಆಯಿಲ್ಲು, ಬ್ರೇಕು ಎಲ್ಲವನ್ನೂ ನೋಡ್ಕೋತೀವಿ. ಗಂಟೆಗಟ್ಟಲೆ ಕೂತು ಓಡಿಸುವ ಸೀಟನ್ನು ಮಾತ್ರ ಗೋಣಿಚೀಲ ಹಾಸಿ ಮುಂದೂಡ್ತೀವಿ.

ನಾನೂ ಅದನ್ನೇ ಮಾಡಿದ್ದೆ. ಸೆಕೆಂಡ್ ಹ್ಯಾಂಡ್ ಪಿಕಪ್ ತಗೊಂಡಾಗ ಹರಿದಿದ್ದ ಸೀಟಿಗೆ ಮೇಲೊಂದು ಹೊಸ ಕವರ್ ಹಾಕಿಸಿ ಸುಮ್ಮನಾದೆ. ನೋಡೋಕೆ ಚೆನ್ನಾಗಿತ್ತು, ಆದರೆ ಒಂದು ಟೊಮೆಟೊ ಬೆಳೆ ಮುಗಿಯೋ ಹೊತ್ತಿಗೆ ಸೊಂಟ ಹಿಡ್ಕೊಂಡಿತು. ಕೊನೆಗೆ ಸೀಟು ಬಿಚ್ಚಿಸಿದಾಗ ಒಳಗಿನ ಫೋಮ್ ಪುಡಿಯಾಗಿತ್ತು, ಕೆಳಗಿನ ಕಬ್ಬಿಣದ ಚೌಕಟ್ಟು ಒಂದು ಕಡೆ ಬಿರುಕು ಬಿಟ್ಟಿತ್ತು. ಕವರ್‌ಗೆ ಕೊಟ್ಟ ದುಡ್ಡು ಹೋಯ್ತು, ನೋವು ಉಳೀತು.

ಸೀಟು ಅಂದ್ರೆ ಮೂರು ಪದರ

ಮೇಲೆ ಹೊದಿಕೆ, ನಡುವೆ ಫೋಮ್ ಅಥವಾ ರಬ್ಬರ್ ಹಾಕಿದ ತೆಂಗಿನ ನಾರು, ಕೆಳಗೆ ಸ್ಪ್ರಿಂಗ್ ಇರುವ ಚೌಕಟ್ಟು. ಕಣ್ಣಿಗೆ ಕಾಣೋದು ಹೊದಿಕೆ. ಸೊಂಟ ಕಾಯೋದು ಕೆಳಗಿನ ಎರಡು.

ನಮ್ಮಲ್ಲಿ "ಲೆದರ್ ಸೀಟು" ಅಂತ ಕರೆಯೋದು ಬಹುತೇಕ ರೆಕ್ಸಿನ್. ತಿಳ್ಕೊಳ್ಳೋದು ಸುಲಭ: ಹರಿದ ತುದಿಯನ್ನು ತಿರುಗಿಸಿ ನೋಡಿ. ಹಿಂಬದಿಯಲ್ಲಿ ಬಟ್ಟೆಯ ನೇಯ್ಗೆ ಕಂಡರೆ ರೆಕ್ಸಿನ್, ಮೆತ್ತನೆಯ ನಾರುನಾರಾದ ಚರ್ಮ ಕಂಡರೆ ನಿಜವಾದ ಲೆದರ್. ರೆಕ್ಸಿನ್ನನ್ನು ಮೆದುವಾಗಿಡುವ ಎಣ್ಣೆಯಂಥ ಅಂಶ ಬಿಸಿಲಿಗೆ ನಿಧಾನವಾಗಿ ಆರಿಹೋಗುತ್ತೆ. ಆಮೇಲೆ ಅದು ಗಟ್ಟಿಯಾಗಿ ಒಡೆಯುತ್ತೆ. ಒಡೆದ ಮೇಲೆ ಯಾವ ಪಾಲಿಶ್ ಹಚ್ಚಿದರೂ ಕೂಡಲ್ಲ.

ಸೊಂಟಕ್ಕೆ ಯಾಕೆ ಪೆಟ್ಟು?

ಕೂತಿರುವ ಮನುಷ್ಯನ ದೇಹಕ್ಕೆ, ಅದರಲ್ಲೂ ಬೆನ್ನಿಗೆ, ಸೆಕೆಂಡಿಗೆ ಸುಮಾರು 4ರಿಂದ 8 ಸಲ ಮೇಲೆ ಕೆಳಗಾಗುವ ಅಲುಗಾಟ ಹೆಚ್ಚು ತಾಕುತ್ತೆ. ಗುಂಡಿ ಬಿದ್ದ ರಸ್ತೆಯಲ್ಲಿ ಇಂಥ ಅಲುಗಾಟ ಇದ್ದೇ ಇರುತ್ತೆ. ಲೋಡ್ ಇಳಿಸಿ ಖಾಲಿ ಬರುವಾಗ ಇನ್ನೂ ಜಾಸ್ತಿ, ಯಾಕಂದ್ರೆ ಭಾರಕ್ಕೆಂದೇ ಹಾಕಿದ ಹಿಂದಿನ ಕಮಾನು ಪಟ್ಟಿಗಳು ಖಾಲಿ ಗಾಡಿಯಲ್ಲಿ ಬಗ್ಗೋದೇ ಇಲ್ಲ. ಫೋಮ್ ಸತ್ತಿದ್ದರೆ ಪ್ರತಿ ಏಟೂ ನೇರ ಬೆನ್ನಿಗೆ.

ಬಿಚ್ಚುವ ಮುಂಚೆ ಪರೀಕ್ಷೆ

ಮುಷ್ಟಿಯಿಂದ ಸೀಟನ್ನು ಜೋರಾಗಿ ಒತ್ತಿ. ಕಬ್ಬಿಣ ಕೈಗೆ ತಾಕಿದರೆ ಅಥವಾ ಒತ್ತಿದ ಗುಳಿ ಮೇಲೆ ಏಳದಿದ್ದರೆ ಫೋಮ್ ಮುಗಿದಿದೆ. ಸೀಟಿನ ಅಂಚು ಹಿಡಿದು ಅಲ್ಲಾಡಿಸಿ. ಕಟಕಟ ಶಬ್ದ ಬಂದರೆ ಬೋಲ್ಟು ಸಡಿಲ, ಇಲ್ಲವೇ ಚೌಕಟ್ಟು ಬಿರುಕು.

ಬಿಚ್ಚಿಸಿದ ಮೇಲೆ ಒಂದೊಂದು ಬೆಸುಗೆಯನ್ನೂ ನೋಡಿ. ವೆಲ್ಡಿಂಗ್ ಬೇಕಿದ್ದರೆ ಸೀಟನ್ನು ಗಾಡಿಯಿಂದ ಹೊರಗೆ ತಂದು, ಫೋಮ್ ತೆಗೆದು ಮಾಡಿಸಿ. ಫೋಮ್‌ಗೆ ಬೆಂಕಿ ಬೇಗ ಹತ್ತುತ್ತೆ, ಹೊಗೆ ವಿಷ.

ಫೋಮ್ ಕೊಳ್ಳುವಾಗ ತಕ್ಕಡಿ ಇರಲಿ

ಅಂಗಡಿಯಲ್ಲಿ "40 ಡೆನ್ಸಿಟಿ" ಅಂತಾರೆ. ಅಂದರೆ ಒಂದು ಘನ ಮೀಟರ್ ಫೋಮ್ 40 ಕೆ.ಜಿ. ತೂಗಬೇಕು. ಇದನ್ನು ನಾವೇ ಪರೀಕ್ಷಿಸಬಹುದು. 50 ಸೆಂ.ಮೀ. ಉದ್ದ, 50 ಸೆಂ.ಮೀ. ಅಗಲ, 10 ಸೆಂ.ಮೀ. ದಪ್ಪದ ತುಂಡು 1 ಕೆ.ಜಿ. ತೂಗಿದರೆ ಅದು 40 ಡೆನ್ಸಿಟಿ. ಅರ್ಧ ಕೆ.ಜಿ. ಬಂದರೆ ಬರೀ 20. ತೂಕ ಕಡಿಮೆಯ ಫೋಮ್ ಮೊದಲ ದಿನ ಮೆತ್ತಗೆ ಸುಖವಾಗಿರುತ್ತೆ, ಬೇಗ ಚಪ್ಪಟೆಯಾಗುತ್ತೆ. ದಿನಾ ಓಡುವ ಗಾಡಿಗೆ 40ಕ್ಕಿಂತ ಕಡಿಮೆ ಬೇಡ ಅನ್ನೋದು ನನ್ನ ಲೆಕ್ಕ. ಟೊಮೆಟೊ ಬಾಕ್ಸನ್ನು 15 ಕೆ.ಜಿ. ಸರಿಯಾಗಿ ತೂಗಿಸ್ಕೊಳ್ಳುವ ನಾವು ಫೋಮ್ ತೂಗಿಸೋಕೆ ಯಾಕೆ ನಾಚಬೇಕು?

ದಪ್ಪ ಮಾತ್ರ ಮೊದಲಿದ್ದಷ್ಟೇ ಇರಲಿ. ಸೀಟು ಎತ್ತರವಾದರೆ ಕ್ಲಚ್ ಮೇಲೆ ಕಾಲು ಸರಿಯಾಗಿ ಕೂರಲ್ಲ, ತಲೆ ಮೇಲೆ ತಾಕುತ್ತೆ.

ಹೊದಿಕೆ ಮತ್ತು ಹೊಲಿಗೆ

ಕೂರುವ ನಡುಭಾಗಕ್ಕೆ ಗಟ್ಟಿ ಬಟ್ಟೆ, ಅಂಚಿಗೆ ರೆಕ್ಸಿನ್ ಹಾಕಿಸಿದರೆ ಬೇಸಿಗೆಯಲ್ಲಿ ಬೆವರು ಕಡಿಮೆ. ಮಣ್ಣು, ಕೆಸರಿನಲ್ಲೇ ಹತ್ತಿ ಇಳಿಯೋರಿಗೆ ಪೂರ್ತಿ ರೆಕ್ಸಿನ್ನೇ ವಾಸಿ, ಒರೆಸಿದರೆ ಆಯ್ತು. ಹತ್ತಿ ದಾರ ಬೆವರಿಗೆ ಕೊಳೆಯುತ್ತೆ, ಪಾಲಿಯೆಸ್ಟರ್ ಅಥವಾ ನೈಲಾನ್ ದಾರ ಕೇಳಿ. ಹೊಲಿಗೆ ತೀರಾ ಒತ್ತೊತ್ತಾಗಿದ್ದರೆ ಸೂಜಿ ತೂತಿನ ಸಾಲಿನಲ್ಲೇ ರೆಕ್ಸಿನ್ ಹರಿಯುತ್ತೆ.

ಔಷಧಿ ಕುಡಿದ ಫೋಮ್

ಇದನ್ನು ಯಾರೂ ಹೇಳಲ್ಲ. ಕೀಟನಾಶಕದ ಡಬ್ಬಿಯನ್ನು ಪಕ್ಕದ ಸೀಟಿನಲ್ಲಿಟ್ಟು ತರೋದು ನಮ್ಮಲ್ಲಿ ಮಾಮೂಲಿ. ಒಮ್ಮೆ ಸೋರಿದರೆ ಹರಿದ ಹೊದಿಕೆಯಿಂದ ಒಳಗಿಳಿದು ಫೋಮ್ ಸ್ಪಂಜಿನ ಹಾಗೆ ಹೀರ್ಕೊಳ್ಳುತ್ತೆ. ಮೇಲೆ ತೊಳೆದರೆ ಹೋಗಲ್ಲ. ಆ ಸೀಟಿನ ಮೇಲೆ ಮಕ್ಕಳು ಕೂರ್ತಾರೆ, ಬೆವರಿದ ಮೈ ಒರಗುತ್ತೆ. ಸೀಟಿನಲ್ಲಿ ಔಷಧಿ ವಾಸನೆ ಇದ್ದರೆ ಹಳೆ ಫೋಮ್ ಉಳಿಸಲೇ ಬೇಡಿ. ತೆಗೆದದ್ದನ್ನು ಸುಡಬೇಡಿ, ದನದ ಕೊಟ್ಟಿಗೆಗೂ ಹಾಸಬೇಡಿ. ಇನ್ನು ಮುಂದೆ ಡಬ್ಬಿ ಹಿಂದಿನ ಟ್ರಾಲಿಯಲ್ಲಿ, ಹಣ್ಣು ತರಕಾರಿಯಿಂದ ದೂರ, ಮುಚ್ಚಳ ಬಿಗಿ ಮಾಡಿ ಇಡಿ. ಸಾವಯವದವರೂ ನಗಬೇಡಿ: ಜೀವಾಮೃತದ ಕ್ಯಾನು ಒಳಗೆ ಉರುಳಿದರೆ ಏನಾಗುತ್ತೆ ಅಂತ ನನಗೆ ಗೊತ್ತು!

ಮತ್ತೆ ಜೋಡಿಸುವಾಗ

ಹಳೆ ತುಕ್ಕು ಹಿಡಿದ ಬೋಲ್ಟು ಮತ್ತೆ ಹಾಕಬೇಡಿ. ತಲೆಯ ಮೇಲೆ 8.8 ಅಂತ ಅಚ್ಚಾಗಿರುವ, ಅದೇ ಅಳತೆಯ ಬೋಲ್ಟು ತನ್ನಿ. ಜೋರಾಗಿ ಬ್ರೇಕ್ ಹಾಕಿದಾಗ ನಿಮ್ಮನ್ನು ಹಿಡಿದಿಡೋದು ಅವೇ. ಸೀಟು ಹಿಂದೆ ಮುಂದೆ ಸರಿಸಿ, ಹಲ್ಲಿಗೆ ಸರಿಯಾಗಿ ಕೂತು ಲಾಕ್ ಆಗುತ್ತಾ ನೋಡಿ. ಬೆಲ್ಟು ಹೊಸ ಹೊದಿಕೆ ಕೆಳಗೆ ಸಿಕ್ಕಿಹಾಕ್ಕೊಂಡಿರಬಾರದು. ಟಾಟಾ ಏಸ್‌ನಂತೆ ಸೀಟಿನ ಕೆಳಗೇ ಎಂಜಿನ್ ಇರುವ ಗಾಡಿಯಲ್ಲಿ ಶಾಖ ತಡೆಯುವ ಹಾಳೆಯನ್ನು ತಪ್ಪದೆ ವಾಪಸ್ ಹಾಕಿಸಿ, ಸೀಟು ಮೊದಲಿನಂತೆ ಎತ್ತೋಕೆ ಬರಬೇಕು.

ಕುಶನ್ ಕೆಲಸದವರ ಹತ್ತಿರ ಫೋಮ್, ಹೊದಿಕೆ, ಕೂಲಿ ಮೂರಕ್ಕೂ ಬೇರೆ ಬೇರೆ ರೇಟು ಕೇಳಿ. ಕೈಯಲ್ಲಿ ದುಡ್ಡು ಕಡಿಮೆ ಇದ್ದರೆ ಚೌಕಟ್ಟು, ಬೋಲ್ಟು ಮೊದಲು, ಆಮೇಲೆ ಡ್ರೈವರ್ ಸೀಟಿನ ಫೋಮ್. ಹೊದಿಕೆ ಕೊನೆಗೆ, ಅಲ್ಲೀವರೆಗೂ ಹಳೆ ಬೆಡ್‌ಶೀಟ್ ಸುತ್ತಿದರೂ ನಡೆಯುತ್ತೆ. ಮಾವಿನ ಕೊಯ್ಲು ಶುರುವಾಗೋ ಮುಂಚೆ ಒಂದು ದಿನ ಗಾಡಿ ನಿಲ್ಲಿಸಿ ಈ ಕೆಲಸ ಮುಗಿಸ್ಕೊಳ್ಳಿ. ಸೀಸನ್ ಮಧ್ಯೆ ಗಾಡಿ ನಿಲ್ಲಿಸೋಕೆ ಆಗಲ್ಲ, ಸೊಂಟ ಹಿಡಿದರೆ ನಾವೇ ನಿಂತುಹೋಗ್ತೀವಿ.