ಟಾಪ್-ಅಪ್ ಪಾಲಿಸಿ ಇದ್ದರೆ ಆಸ್ಪತ್ರೆ ಬಿಲ್ ಪೂರ್ತಿ ಸಿಗುತ್ತದೆಯೇ?

‘5 ಲಕ್ಷದ ಆರೋಗ್ಯ ವಿಮೆಯ ಮೇಲೆ ಒಂದು ಟಾಪ್-ಅಪ್ ಮಾಡಿಸಿದರೆ ಸಾಕು, ಕೈಯಿಂದ ಒಂದು ರೂಪಾಯಿಯೂ ಖರ್ಚಾಗುವುದಿಲ್ಲ’ ಎಂದು ನಂಬಿದವರು ಬಹಳ. ಇದು ಅರ್ಧ ಸತ್ಯ ಮಾತ್ರ.

ಟಾಪ್-ಅಪ್, ಸೂಪರ್ ಟಾಪ್-ಅಪ್ ಒಂದೇನಾ?

ಅಲ್ಲ. ಎರಡರಲ್ಲೂ ‘ಡಿಡಕ್ಟಿಬಲ್’ ಎಂಬ ಮಿತಿ ಇರುತ್ತದೆ. ಖರ್ಚು ಆ ಮಿತಿ ದಾಟಿದ ಮೇಲಷ್ಟೇ ಪಾಲಿಸಿ ಹಣ ಕೊಡುತ್ತದೆ. ಟಾಪ್-ಅಪ್‌ನಲ್ಲಿ ಈ ಮಿತಿಯನ್ನು ಪ್ರತಿ ಬಾರಿ ದಾಖಲಾದಾಗಲೂ ಬೇರೆಯಾಗಿ ಲೆಕ್ಕ ಹಾಕುತ್ತಾರೆ. ಸೂಪರ್ ಟಾಪ್-ಅಪ್‌ನಲ್ಲಿ ಇಡೀ ವರ್ಷದ ಖರ್ಚನ್ನು ಕೂಡಿಸುತ್ತಾರೆ.

ಉದಾಹರಣೆಗೆ, ನಿಮ್ಮ ಮೂಲ ವಿಮೆ 5 ಲಕ್ಷ, ಡಿಡಕ್ಟಿಬಲ್ ಕೂಡ 5 ಲಕ್ಷ ಎಂದುಕೊಳ್ಳಿ. ಒಂದೇ ವರ್ಷದಲ್ಲಿ ಎರಡು ಸಲ ದಾಖಲಾಗಿ, ತಲಾ 4 ಲಕ್ಷ ಬಿಲ್ ಆಯಿತು. ಮೂಲ ವಿಮೆ 5 ಲಕ್ಷ ಕೊಟ್ಟು ಮುಗಿಯುತ್ತದೆ. ಉಳಿದ 3 ಲಕ್ಷಕ್ಕೆ ಟಾಪ್-ಅಪ್ ಏನೂ ಕೊಡುವುದಿಲ್ಲ, ಏಕೆಂದರೆ ಯಾವ ಬಿಲ್ಲೂ 5 ಲಕ್ಷ ದಾಟಿಲ್ಲ. ಸೂಪರ್ ಟಾಪ್-ಅಪ್ ಆಗಿದ್ದರೆ ಆ 3 ಲಕ್ಷ ಸಿಗುತ್ತಿತ್ತು.

ಹಾಗಾದರೆ ಕೈಯಿಂದ ಹೋಗುವುದು ಯಾವುದು?

ಗ್ಲೌಸ್, ಮಾಸ್ಕ್‌ನಂಥ ವಸ್ತುಗಳ ಖರ್ಚನ್ನು ಅನೇಕ ಪಾಲಿಸಿಗಳು ಕೊಡುವುದಿಲ್ಲ. ಕೊಠಡಿ ಬಾಡಿಗೆಗೆ ದಿನಕ್ಕೆ 5,000 ರೂಪಾಯಿ ಮಿತಿ ಇದ್ದು, ನೀವು 10,000 ರೂಪಾಯಿಯ ಕೊಠಡಿ ತೆಗೆದುಕೊಂಡರೆ, ಬಾಡಿಗೆಯ ಜೊತೆಗೆ ವೈದ್ಯರ ಶುಲ್ಕದಂಥ ಖರ್ಚುಗಳಲ್ಲೂ ಅರ್ಧ ಕಡಿತವಾಗಬಹುದು. ಔಷಧಿ, ಇಂಪ್ಲಾಂಟ್, ಪರೀಕ್ಷೆಗಳ ವೆಚ್ಚಕ್ಕೆ ಈ ಕಡಿತ ಹಾಕುವಂತಿಲ್ಲ ಎಂಬುದು ವಿಮಾ ನಿಯಂತ್ರಣ ಸಂಸ್ಥೆ ಐಆರ್‌ಡಿಎಐ ನಿಯಮ.

‘ಹಾಸ್ಪಿಟಲ್ ಕ್ಯಾಶ್’ ಏನು ಮಾಡುತ್ತದೆ?

ಬಿಲ್ ಎಷ್ಟೇ ಇರಲಿ, ದಾಖಲಾಗಿರುವ ದಿನಕ್ಕೆ ಇಷ್ಟು ಎಂದು ನಿಗದಿತ ಹಣ ಕೊಡುತ್ತದೆ. ಜೊತೆಗಿರುವವರ ಊಟ, ಓಡಾಟ, ತಪ್ಪಿದ ಕೂಲಿಗೆ ಇದು ಆಸರೆ. ಆದರೆ ಸಾಮಾನ್ಯವಾಗಿ ಕನಿಷ್ಠ 24 ಗಂಟೆ ದಾಖಲಾಗಿರಬೇಕು. ದೊಡ್ಡ ಶಸ್ತ್ರಚಿಕಿತ್ಸೆಯ ಬಿಲ್ಲಿಗೆ ಇದನ್ನೇ ನೆಚ್ಚಿಕೊಳ್ಳಬೇಡಿ.

ಮೂಲ ವಿಮೆ ಇಲ್ಲದೆ ಸೂಪರ್ ಟಾಪ್-ಅಪ್ ಸಿಗುತ್ತದೆಯೇ?

ಸಿಗುತ್ತದೆ. ಆದರೆ ಡಿಡಕ್ಟಿಬಲ್ ಮೊತ್ತ ನೀವೇ ಭರಿಸಬೇಕು. ಕಂಪನಿ ಕೊಟ್ಟ ವಿಮೆಯನ್ನೇ ನಂಬಿದವರು ಗಮನಿಸಿ: ಕೆಲಸ ಬಿಟ್ಟರೆ ಆ ರಕ್ಷಣೆ ಸಾಮಾನ್ಯವಾಗಿ ಅಲ್ಲಿಗೇ ಮುಗಿಯುತ್ತದೆ.

ಕೊಳ್ಳುವ ಮುನ್ನ ಏನು ಕೇಳಬೇಕು?

ಡಿಡಕ್ಟಿಬಲ್ ಪ್ರತಿ ಬಿಲ್ಲಿಗೋ, ವರ್ಷಕ್ಕೋ? ಕೊಠಡಿ ಬಾಡಿಗೆಗೆ ಮಿತಿ ಇದೆಯೇ? ಈಗಾಗಲೇ ಇರುವ ಕಾಯಿಲೆಗೆ ಎಷ್ಟು ಕಾಯಬೇಕು? 2024ರ ಏಪ್ರಿಲ್‌ನಿಂದ ಈ ಅವಧಿ ಗರಿಷ್ಠ 36 ತಿಂಗಳು. ಸಕ್ಕರೆ ಕಾಯಿಲೆ, ಬಿಪಿ ಇದ್ದರೆ ಮುಚ್ಚಿಡಬೇಡಿ. ಮುಚ್ಚಿಟ್ಟರೆ ಕ್ಲೇಮ್ ತಿರಸ್ಕಾರವಾಗಬಹುದು. ವಿಮಾ ಕಂಪನಿ ನಿಮ್ಮ ದೂರಿಗೆ ಸ್ಪಂದಿಸದಿದ್ದರೆ ಐಆರ್‌ಡಿಎಐನ ಉಚಿತ ಸಹಾಯವಾಣಿ 155255ಕ್ಕೆ ಕರೆ ಮಾಡಿ.