ಗಿಟಾರಿಗೆ ಒಲಿದ ಷರೀಫರು

ಬಸವನಗುಡಿ, ಚಾಮರಾಜಪೇಟೆ, ಮಲ್ಲೇಶ್ವರಗಳ ಮನೆಗಳಲ್ಲಿ ಶಿಶುನಾಳ ಷರೀಫರ ಹೆಸರೆತ್ತಿದರೆ ಸಿ. ಅಶ್ವತ್ಥರ ಕಂಠ ನೆನಪಾಗುವುದು ಬಹುಕಾಲದ ರೂಢಿ. 1990ರಲ್ಲಿ ಟಿ. ಎಸ್. ನಾಗಾಭರಣರ ‘ಸಂತ ಶಿಶುನಾಳ ಷರೀಫ’ ಚಿತ್ರ ತೆರೆಕಂಡ ಮೇಲಂತೂ, ಹಾವೇರಿ ಸೀಮೆಯ ಆ ಅನುಭಾವಿಯ ಪದಗಳು ಅಶ್ವತ್ಥರ ರಾಗಸಂಯೋಜನೆಯಲ್ಲಿ ಬೆಂಗಳೂರಿನ ಗೃಹಸ್ಥರ ಸ್ವಂತ ಆಸ್ತಿಯೇ ಆಗಿಹೋದವು. ಹಾರ್ಮೋನಿಯಂ, ತಬಲಗಳ ಜೊತೆಯಲ್ಲಿ ಬೆಳೆದ ಈ ಅಭಿರುಚಿಯ ಮನೆಬಾಗಿಲಿಗೆ 2008ರಲ್ಲಿ ಗಿಟಾರು ಹಿಡಿದ ಅತಿಥಿಯೊಬ್ಬರು ಬಂದರು.

ಅವರು ರಘು ದೀಕ್ಷಿತ್. ಮೈಸೂರಿನಲ್ಲಿ ಬೆಳೆದವರು, ಸೂಕ್ಷ್ಮಜೀವಿಶಾಸ್ತ್ರದಲ್ಲಿ ಎಂ.ಎಸ್ಸಿ. ಪದವಿಯನ್ನೂ ಚಿನ್ನದ ಪದಕವನ್ನೂ ಪಡೆದವರು. ಭರತನಾಟ್ಯವನ್ನು ಶಾಸ್ತ್ರೋಕ್ತವಾಗಿ ಕಲಿತವರು. ಗಿಟಾರು ಇವರ ಕೈಗೆ ಬಂದದ್ದು ಗುರುಮುಖೇನ ಅಲ್ಲ, ಸಹಪಾಠಿಯೊಬ್ಬನ ಸವಾಲಿನಿಂದ. ಗೆಜ್ಜೆ ಕಟ್ಟುವ ಹುಡುಗನನ್ನು ಗೇಲಿ ಮಾಡಿದ ಗೆಳೆಯನಿಗೆ ಉತ್ತರವಾಗಿ ಆರಂಭವಾದ ವಿದ್ಯೆ ಅದು. ಆ ಗೆಜ್ಜೆಯನ್ನು ಅವರು ಬಿಡಲೂ ಇಲ್ಲ. ಬಣ್ಣದ ಲುಂಗಿಯುಟ್ಟು, ಕಾಲಿಗೆ ಗೆಜ್ಜೆ ಕಟ್ಟಿ, ಕೊರಳಿಗೆ ಗಿಟಾರು ತೂಗುಹಾಕಿಕೊಂಡು ವೇದಿಕೆಯೇರುವುದೇ ಅವರ ಗುರುತಾಯಿತು. ಕಲಾವಿದರು ಬಂದು ಹೋಗುತ್ತಿರಲು ಅನುಕೂಲವಾಗುವಂತೆ ಬಾಗಿಲು ತೆರೆದಿಟ್ಟ ಅವರ ಬೆಂಗಳೂರಿನ ತಂಡಕ್ಕೆ ‘ದಿ ರಘು ದೀಕ್ಷಿತ್ ಪ್ರಾಜೆಕ್ಟ್’ ಎಂದು ಹೆಸರು.

ಈ ತಂಡದ ಚೊಚ್ಚಲ ಆಲ್ಬಂ ‘ಅಂತರಾಗ್ನಿ’. ಇದರಲ್ಲಿರುವ ಹಾಡುಗಳು ಎಂಟು. ಭಾಷೆಗಳು ಮೂರು: ಕನ್ನಡ, ಹಿಂದಿ, ಇಂಗ್ಲಿಷ್. ಚಲನಚಿತ್ರದ ಹಂಗಿಲ್ಲದೆ ಹುಟ್ಟುವ ಇಂತಹ ಸಂಗೀತವನ್ನು ‘ಇಂಡಿ’ ಎಂದು ಕರೆಯುವುದು ವಾಡಿಕೆ. ಹಂಗಿಲ್ಲದಿರುವುದು ಕೇಳಲು ಸೊಗಸಾದರೂ ಬಾಳಲು ಕಷ್ಟ. ನಾಯಕನಟನಿಲ್ಲ, ಚಿತ್ರಕಥೆಯಿಲ್ಲ, ಅಂಗಡಿಯವನು ಈ ಮುದ್ರಿಕೆಯನ್ನು ಯಾವ ಭಾಷೆಯ ಸಾಲಿನಲ್ಲಿಡಬೇಕು? ಧ್ವನಿಮುದ್ರಣ ಸಂಸ್ಥೆಗಳು ವರ್ಷಗಟ್ಟಲೆ ತಲೆಯಾಡಿಸಿ ಕಳುಹಿಸಿಬಿಟ್ಟವು. ಮುಂಬಯಿಯಲ್ಲಿ ಪವಾಡಕ್ಕಾಗಿ ಕಾಯುತ್ತಿರುವವನೊಬ್ಬನ ಕುರಿತ ಇಂಗ್ಲಿಷ್ ಹಾಡೊಂದು ಈ ಆಲ್ಬಂನಲ್ಲಿರುವುದು ಆಕಸ್ಮಿಕವಲ್ಲ. ಕೊನೆಗೆ ಆ ಮುಂಬಯಿಯಲ್ಲೇ ಇವರ ಹಾಡು ಕೇಳಿದ ಸಂಗೀತ ನಿರ್ದೇಶಕರಾದ ವಿಶಾಲ್ ಮತ್ತು ಶೇಖರ್ ತಮ್ಮ ‘ಕೌಂಟರ್ ಕಲ್ಚರ್ ರೆಕಾರ್ಡ್ಸ್’ ಮೂಲಕ ಅದನ್ನು ಹೊರತಂದರು. ಚಿತ್ರರಂಗವನ್ನು ನೆಚ್ಚದ ಸಂಗೀತಕ್ಕೆ ಚಿತ್ರರಂಗದವರೇ ಆಸರೆಯಾದದ್ದು ವಿಧಿಯ ಒಂದು ವಿನೋದವೆನ್ನಬೇಕು.

ಕನ್ನಡಿಗರಿಗೆ ಈ ಎಂಟರಲ್ಲಿ ಮುಖ್ಯವಾದವು ಎರಡು: ‘ಗುಡುಗುಡಿಯ ಸೇದಿ ನೋಡೋ’ ಮತ್ತು ‘ಸೋರುತಿಹುದು ಮನೆಯ ಮಾಳಿಗಿ’. ಎರಡೂ ಷರೀಫರ ಪದಗಳೇ. ಅನುಭಾವದ ಪದಗಳಿಗೆ ರಾಕ್ ಸಂಗೀತದ ಅಬ್ಬರವೇ, ಇದು ಅಪಚಾರವಲ್ಲವೇ ಎಂಬ ಆಕ್ಷೇಪ ಸಹಜ. ಆದರೆ ಷರೀಫರ ‘ಮೂಲ ಮಟ್ಟು’ ಯಾವುದು? 1819ರಿಂದ 1889ರವರೆಗೆ ಬಾಳಿದ ಆ ಮಹನೀಯರ ಕಾಲಕ್ಕೆ ನಮ್ಮ ನಾಡಿಗೆ ಗ್ರಾಮೋಫೋನ್ ಮುದ್ರಣ ಕಾಲಿಟ್ಟಿರಲಿಲ್ಲ. ಅವರ ಪದಗಳು ಬಾಯಿಂದ ಬಾಯಿಗೆ, ಭಜನೆಯಿಂದ ಭಜನೆಗೆ ದಾಟಿ ಬಂದವು. ದಾಟುವಾಗ ಪ್ರತಿಯೊಬ್ಬ ಹಾಡುಗಾರನೂ ತನ್ನ ಧಾಟಿಯನ್ನಷ್ಟು ಬೆರೆಸಿದ. ಇಂದು ಸಂಪ್ರದಾಯವೆಂದು ತೋರುವ ಅಶ್ವತ್ಥರ ಮಟ್ಟುಗಳೂ ಒಂದು ದಿನ ಹೊಸವೇ ಆಗಿದ್ದವು.

ಗುಡುಗುಡಿಯೆಂದರೆ ಹುಕ್ಕಾ. ಹೊಗೆ ಸೇದುವ ಆ ಹಳ್ಳಿಯ ಸಾಧನವನ್ನೇ ಷರೀಫರು ಆತ್ಮಶೋಧನೆಯ ಪ್ರತೀಕವಾಗಿಸಿದರು. ತತ್ತ್ವದ ತೂಕವಿದ್ದರೂ ನಗು ಮಾಸದ ಪದ ಅದು. ರಘು ಅವರ ಚುರುಕಾದ ಲಯಕ್ಕೆ ಅದು ಸಲೀಸಾಗಿ ಒಗ್ಗಿದೆ. ಪಲ್ಲವಿ ಮರಳಿದಾಗಲೆಲ್ಲ ಕೇಳುವವರು ದನಿಗೂಡಿಸುವುದನ್ನು ಕಂಡರೆ, ಇದು ಭಜನೆಯ ಮೇಳಕ್ಕೆ ತೀರ ದೂರದ ನೆಂಟನೇನಲ್ಲ ಎನಿಸುತ್ತದೆ. ‘ಸೋರುತಿಹುದು’ ಪದಕ್ಕೆ ಆ ಭಾಗ್ಯ ಪೂರ್ಣವಾಗಿ ದೊರೆತಿಲ್ಲ. ಸೋರುವ ಸೂರಿನ ಕೆಳಗೆ ನಿಂತವನ ದೈನ್ಯ ಅದರ ಜೀವ. ಅಶ್ವತ್ಥರ ಧಾಟಿಗೆ ಒಗ್ಗಿದ ಕಿವಿಗೆ ಆ ದೈನ್ಯ ಇಲ್ಲಿ ವಾದ್ಯಗಳ ಹಿಂದೆ ಸರಿದಂತೆ ಕೇಳಿಸೀತು. ಆದರೂ ಪದದ ಉಚ್ಚಾರ ಸ್ವಚ್ಛವಾಗಿದೆ. ಅಕ್ಷರಗಳನ್ನು ನುಂಗಿಹಾಕುವ ಕೆಲವು ಆಧುನಿಕ ಗಾಯಕರ ನಡುವೆ ಇದು ಚಿಕ್ಕ ಗುಣವಲ್ಲ.

ಇಂಗ್ಲಿಷ್ ಹಾಡುಗಳಲ್ಲೇ ಮುಳುಗಿದ ಕಾಲೇಜು ಹುಡುಗನ ಕಿವಿಗೆ ಷರೀಫರು ಬೀಳುವುದಾದರೆ, ಅದು ಅಜ್ಜ ಕೇಳುವ ಕ್ಯಾಸೆಟ್ಟಿನಿಂದಲೇ ಆಗಬೇಕೆಂದೇನೂ ಇಲ್ಲ. ಆ ಮನೆಯಲ್ಲಿ ಅಜ್ಜನಿಗೂ ಮೊಮ್ಮಗನಿಗೂ ಒಂದೇ ಪದ ಬಾಯಿಗೆ ಬರುತ್ತದೆ. ಮಟ್ಟಿನ ಬಗೆಗೆ ಜಗಳವಾದರೂ ಆಗಲಿ. 2010ರಲ್ಲಿ ಈ ತಂಡ ಬಿ.ಬಿ.ಸಿ. ಟೆಲಿವಿಷನ್ನಿನ ಜೂಲ್ಸ್ ಹಾಲೆಂಡರ ಕಾರ್ಯಕ್ರಮದಲ್ಲಿ ಹಾಡಿತು; ಮರುವರ್ಷ ಬ್ರಿಟನ್ನಿನ ‘ಸಾಂಗ್‌ಲೈನ್ಸ್’ ಪತ್ರಿಕೆ ಅದಕ್ಕೆ ಶ್ರೇಷ್ಠ ಹೊಸಬರೆಂಬ ಪ್ರಶಸ್ತಿ ನೀಡಿತು.

ಅಶ್ವತ್ಥರು 2009ರ ಡಿಸೆಂಬರ್ 29ರಂದು, ತಮ್ಮ ಎಪ್ಪತ್ತನೆಯ ಹುಟ್ಟುಹಬ್ಬದ ದಿನವೇ ತೀರಿಕೊಂಡರು. ನಾಲ್ಕು ವರ್ಷಗಳ ಬಳಿಕ, 2013ರಲ್ಲಿ, ರಘು ದೀಕ್ಷಿತರ ಎರಡನೆಯ ಆಲ್ಬಂ ‘ಜಗ್ ಚಂಗಾ’ ಹೊರಬಂದಿತು. ಅದರಲ್ಲಿಯೂ ಷರೀಫರಿದ್ದಾರೆ: ‘ಲೋಕದ ಕಾಳಜಿ’ಯ ಪದದೊಡನೆ.