ಕಾಂತೀಯ ಏಕಧ್ರುವವೂ ವಿಶ್ವದ ಆದಿಯೂ

ಶಹಾಬಾದ್, ಚಿತ್ತಾಪುರ, ಸೇಡಂ ಪ್ರದೇಶದ ಗಣಿಗಳಲ್ಲಿ ಪದರಗಲ್ಲನ್ನು ಸೀಳುವುದನ್ನು ನಮ್ಮ ವಿದ್ಯಾರ್ಥಿಗಳು ಕಂಡಿರಬಹುದು. ಎಷ್ಟು ತೆಳುವಾಗಿ ಸೀಳಿದರೂ ಪ್ರತಿ ಹಾಸುಗಲ್ಲಿಗೂ ಎರಡು ಮುಖಗಳು ಉಳಿಯುತ್ತವೆ. ಅಯಸ್ಕಾಂತದ ಸ್ಥಿತಿಯೂ ಇಂಥದೇ. ತುಂಡರಿಸಿದಷ್ಟೂ ಉತ್ತರ, ದಕ್ಷಿಣ ಧ್ರುವಗಳು ಜೊತೆಯಾಗಿಯೇ ದೊರೆಯುತ್ತವೆ.

ಆದರೆ ಒಂಟಿ ಧ್ರುವವು ಅಸಾಧ್ಯವೆನ್ನಲಾಗದು. ಅಂಥ ಒಂದು ಕಣವಿದ್ದರೂ ವಿದ್ಯುದಾವೇಶವು ನಿಯತ ಮಾನದ ಪೂರ್ಣ ಗುಣಕಗಳಲ್ಲಿಯೇ ಇರುವುದೇಕೆಂಬುದಕ್ಕೆ ಕಾರಣ ಸಿಕ್ಕುವುದೆಂದು ಡಿರಾಕ್ 1931ರಲ್ಲಿ ತೋರಿಸಿದರು. ಬಲಗಳನ್ನು ಏಕೀಕರಿಸುವ ಸಿದ್ಧಾಂತಗಳಲ್ಲಿ ಇವು ತಾವಾಗಿಯೇ ಒದಗುವುವೆಂದು 1974ರಲ್ಲಿ ಟ್ ಹೂಫ್ಟ್ ಮತ್ತು ಪೋಲ್ಯಕೋವ್ ಕಂಡರು. ತೊಡಕು ಇಲ್ಲಿಯೇ ಹುಟ್ಟಿತು. ಅತ್ಯುಷ್ಣವಾದ ಆದಿವಿಶ್ವವು ತಣಿಯುವಾಗ ಅವು ಮಿತಿಮೀರಿ ಉತ್ಪನ್ನವಾಗಿರಬೇಕೆಂದು ಪ್ರೆಸ್ಕಿಲ್ 1979ರಲ್ಲಿ ಗಣಿಸಿದರು.

ಈ ಶೋಧವು ನಮ್ಮ ನಾಡಿನಲ್ಲಿಯೂ ನಡೆಯಿತು. ಕೋಲಾರದ ಚಿನ್ನದ ಗಣಿಯಲ್ಲಿ, 2.3 ಕಿಲೋಮೀಟರ್ ಆಳದಲ್ಲಿ, ಪ್ರೋಟಾನಿನ ಕ್ಷಯವನ್ನು ಅರಸಲು 1980ರಲ್ಲಿ ಆರಂಭವಾದ 140 ಟನ್ನಿನ ಉಪಕರಣವು ಮಂದಗತಿಯ ಏಕಧ್ರುವಗಳಿಗಾಗಿಯೂ ಕಾದಿತು. ವಿಶ್ವಕಿರಣಗಳ ಬಹುಭಾಗವನ್ನು ಮೇಲಿನ ಬಂಡೆಯೇ ತಡೆಯುತ್ತಿತ್ತು. ಏಕಧ್ರುವವು ದೊರೆಯಲಿಲ್ಲ, ಆದರೂ ಶ್ರಮ ವ್ಯರ್ಥವಾಗಲಿಲ್ಲ. ಅವುಗಳ ಪ್ರವಾಹವು ಮೀರಲಾರದ ಮೇರೆಯೊಂದು 1984ರಲ್ಲಿ ಪ್ರಕಟವಾಯಿತು.

ಈ ಅಭಾವಕ್ಕೆ ಗೂತ್ 1981ರಲ್ಲಿ ಉತ್ತರವಿತ್ತರು: ಆದಿವಿಶ್ವವು ಅತ್ಯಲ್ಪ ಕಾಲದಲ್ಲಿ ಅಪಾರವಾಗಿ ಹಿಗ್ಗಿದುದರಿಂದ ಏಕಧ್ರುವಗಳು ತೀರ ವಿರಳವಾದುವು. ಹಾಯ್ಲ್, ಬರ್ಬಿಜ್, ನಾರ್ಲಿಕರ್ ಇವರು 1993ರಲ್ಲಿ ಮಂಡಿಸಿದ ಅರೆಸ್ಥಿರಸ್ಥಿತಿ ವಾದದಲ್ಲಿ ಇಡೀ ವಿಶ್ವಕ್ಕೆ ಅಂಥ ಅತ್ಯುಷ್ಣ ಆದಿಯೇ ಇಲ್ಲ. ಆದುದರಿಂದ ಪ್ರಶ್ನೆಯೇ ಏಳದು. ಹೀಗೆ ಒಂದೇ ಅಭಾವವು ಎರಡು ವಾದಗಳಿಗೂ ಒಪ್ಪುತ್ತದೆ. ಅವುಗಳ ನಡುವೆ ತೀರ್ಪು ನೀಡಲು ಬೇರೆ ಸಾಕ್ಷ್ಯ ಬೇಕು. ವಿಶ್ವದ ಹಿನ್ನೆಲೆ ವಿಕಿರಣದ ಅಳತೆಗಳು ಉಷ್ಣ ಆದಿಯ ಪಕ್ಷವನ್ನೇ ಎತ್ತಿಹಿಡಿದಿವೆ.